ಗದುಗಿನ ಅಜ್ಜಾರು: ನಾದದ ಕಾಯಕ, ಅನ್ನದ ದಾಸೋಹ

ಶ್ರಾವಣ ಮಾಸ ಬಂದಿತೆಂದರೆ ಉತ್ತರ ಕರ್ನಾಟಕದ ಊರೂರಿನ ಮಠಗಳಲ್ಲಿ, ಬಸವಣ್ಣನ ಗುಡಿಗಳಲ್ಲಿ ಪುರಾಣ ಪ್ರವಚನ ಪ್ರಾರಂಭವಾಗುವುದು ನಮ್ಮ ಓದುಗರಿಗೆ ತಿಳಿದ ಸಂಗತಿಯೇ. ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರು, ತಾಯಂದಿರು, ಮಕ್ಕಳು ಚಾಪೆಯ ಮೇಲೆ ಬಂದು ಕೂಡುತ್ತಾರೆ. ಪ್ರವಚನಕಾರರು ಪೀಠವನ್ನೇರುವ ಮುನ್ನ ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ ಕುಳಿತವರೊಬ್ಬರು ಸ್ವರ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಅವರ ಮಗ್ಗುಲಲ್ಲಿ ತಬಲಾ. ಕಥೆ ನಡುವೆ ನಿಂತಾಗಲೆಲ್ಲ ಒಂದು ವಚನ, ಒಂದು ತತ್ವಪದ. ಕರಪತ್ರದಲ್ಲಿ ಇವರ ಹೆಸರು ಕೆಳಗಡೆ, ‘ಸಂಗೀತ ಸೇವೆ’ ಎಂಬ ಮಾತಿನ ಮುಂದೆ ಇರುತ್ತದೆ. ಹೆಸರಿನ ಕೊನೆಗೆ ಅನೇಕ ವೇಳೆ ‘ಗವಾಯಿಗಳು’ ಎಂದಿರುತ್ತದೆ. ಅವರಲ್ಲಿ ಬಹಳಷ್ಟು ಮಂದಿಗೆ ಕಣ್ಣು ಕಾಣುವುದಿಲ್ಲ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: “ಗದುಗಿನ ಆಶ್ರಮದಾಗ್ರೀ, ಅಜ್ಜಾರ ಹತ್ತಿರ.”

ಆ ಅಜ್ಜಾರು ಎಂದರೆ ಲಿಂಗೈಕ್ಯ ಪಂಡಿತ ಪುಟ್ಟರಾಜ ಕವಿ ಗವಾಯಿಗಳು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನ ಸೀಮೆಯಲ್ಲಿ ಜನಿಸಿ, 2010ರ ಸೆಪ್ಟೆಂಬರ್ 17ರಂದು ಗದುಗಿನಲ್ಲಿ ದೇಹವಿಟ್ಟ ಈ ಮಹನೀಯರು ತಮ್ಮ ಆಯುಷ್ಯದ ಬಹುಭಾಗವನ್ನು ಅದೇ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಳೆದರು. ಅವರ ಸಂಗೀತದ ಕುರಿತು ಬರೆದವರು ಅನೇಕರಿದ್ದಾರೆ. ಬಿರುದು ಬಾವಲಿಗಳ ಪಟ್ಟಿಯೂ ಚಿಕ್ಕದಲ್ಲ. ಆದರೆ ನಮಗೆ ಈ ಸಂದರ್ಭದಲ್ಲಿ ಹೇಳಬೇಕೆನಿಸಿದ್ದು ಬೇರೊಂದು ವಿಷಯ. ಅಜ್ಜಾರ ಬಾಳಿನಲ್ಲಿ ಸ್ವರ ಮತ್ತು ಅನ್ನ ಎಂದೂ ಬೇರೆ ಬೇರೆಯಾಗಿರಲಿಲ್ಲ. ಹಾಡು ಕಲಿಸಬೇಕಾದರೆ ಮಕ್ಕಳಿಗೆ ಉಣಬಡಿಸಬೇಕು. ಉಣಬಡಿಸಬೇಕಾದರೆ ಊರು ಜೊತೆಗಿರಬೇಕು. ಆ ಊರನ್ನು ಅವರು ಹೇಗೆ ಜೊತೆಗಿಟ್ಟುಕೊಂಡರು ಎಂಬುದೇ ಈ ಲೇಖನದ ವಿಷಯ.

ಕಥೆ ಅವರಿಂದ ಪ್ರಾರಂಭವಾಗುವುದಿಲ್ಲ. ಅವರ ಗುರುಗಳಿಂದ, ಗುರುಗಳ ಗುರುಗಳಿಂದ ಪ್ರಾರಂಭವಾಗುತ್ತದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಹುಟ್ಟುಗುರುಡ ಮಗು ಜನಿಸಿತು. ಅಣ್ಣನಿಗೂ ದೃಷ್ಟಿ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳು! ಆ ಕಾಲದಲ್ಲಿ ಆ ತಾಯಿತಂದೆಗಳು ಏನೆಲ್ಲ ಮಾತು ಕೇಳಿರಬೇಕು ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಕರ್ಮಫಲವೆನ್ನುವವರು ಕೆಲವರು, ಅಯ್ಯೋ ಪಾಪ ಎಂದು ಹಾದುಹೋಗುವವರು ಕೆಲವರು. ಮುಂದೆ ಈ ಮಕ್ಕಳು ಬದುಕುವುದು ಹೇಗೆ ಎಂದು ಯೋಚಿಸುವವರು ವಿರಳ.

ಅಂತಹ ವಿರಳರಲ್ಲಿ ಒಬ್ಬರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತಟದಲ್ಲಿ ಶಿವಯೋಗ ಮಂದಿರವನ್ನೂ ಕಟ್ಟಿದ ಪೂಜ್ಯರು ಅವರು. ಈ ಹುಡುಗರ ಕಂಠ ಕೇಳಿ, ಆಶೀರ್ವಾದ ಮಾಡಿ ಮನೆಗೆ ಕಳುಹಿಸಿಬಿಡಲಿಲ್ಲ. ಅವರನ್ನು ಕಲಿಕೆಗೆ ಹಚ್ಚಿದರು. ಗದಿಗೆಯ್ಯನು ಪಂಚಾಕ್ಷರಿಯಾದನು. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತನು. ತರುವಾಯ ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಅವರ ಬಳಿ ಹಿಂದೂಸ್ತಾನಿ ಪದ್ಧತಿಯನ್ನು ಅಭ್ಯಾಸ ಮಾಡಿದನು. ಮುಂದೆ ಪಂಡಿತ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದವರು ಇದೇ ನೀಲಕಂಠಬುವಾ ಅವರು. ಹೀಗೆ ಎರಡೂ ಪದ್ಧತಿಗಳಲ್ಲಿ ಪಾರಂಗತರಾದುದರಿಂದ ಪಂಚಾಕ್ಷರ ಗವಾಯಿಗಳಿಗೆ ‘ಉಭಯಗಾನ ವಿಶಾರದ’ ಎಂಬ ಹೆಸರು ಬಂದಿತು.

ಕುಮಾರ ಮಹಾಸ್ವಾಮಿಗಳ ಅಪ್ಪಣೆ ಒಂದೇ ಆಗಿತ್ತು: ಕಲಿತುದನ್ನು ತನ್ನಂತಹ ಮಕ್ಕಳಿಗೆ ಕಲಿಸಬೇಕು. ಆ ಪ್ರಕಾರ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಪಾಠಶಾಲೆಗೆ ಗೋಡೆಯಿರಲಿಲ್ಲ. ಒಂದು ಊರಿನಲ್ಲಿ ಭಕ್ತರು ಕರೆದಷ್ಟು ದಿನ ಪಾಠ, ಮತ್ತೆ ಮುಂದಿನ ಊರು. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ನೆಲೆ ಮಾಡಿಕೊಟ್ಟ ಮೇಲೆ ಆಶ್ರಮ ಒಂದೆಡೆ ನಿಂತಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಅವರಂತಹ ಗಾಯಕರು ಪಂಚಾಕ್ಷರ ಗವಾಯಿಗಳ ಗರಡಿಯಲ್ಲಿ ತಯಾರಾದವರು. ಅವರ ಜೀವನವನ್ನು ಕುರಿತು 1995ರಲ್ಲಿ ಕನ್ನಡ ಚಲನಚಿತ್ರವೊಂದು ಬಂದು, ಅದರ ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಲಭಿಸಿದ್ದು ನಮ್ಮ ಅನೇಕ ಓದುಗರ ನೆನಪಿನಲ್ಲಿರಬಹುದು.

ಈ ಗರಡಿಗೇ ಬಾಲಕ ಪುಟ್ಟಯ್ಯ ಬಂದು ಸೇರಿದನು. ಎಳವೆಯಲ್ಲಿಯೇ ದೃಷ್ಟಿ ಹೋಗಿತ್ತು. ತಾಯಿತಂದೆಗಳ ಆಸರೆಯೂ ತಪ್ಪಿತ್ತು. ಸಾಕಿದವರು ಸೋದರಮಾವ. ಮಾವನ ಹಾರ್ಮೋನಿಯಂ ಮನೆಯಲ್ಲಿತ್ತು. ಯಾರೂ ಕಲಿಸದೆಯೇ ಹುಡುಗ ಅದರ ಮೇಲೆ ಬೆರಳಾಡಿಸಿ, ಕೇಳಿದ ಹಾಡನ್ನು ನುಡಿಸತೊಡಗಿದನು. ಮಾವ ಅದನ್ನು ಕೇಳಿ ಗದರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಾಗೆ ಮಾಡದೆ ಹುಡುಗನನ್ನು ಕರೆದೊಯ್ದು ಗುರುಗಳಿಗೆ ಒಪ್ಪಿಸಿದರು. ಇಂದು ಅಜ್ಜಾರ ಹೆಸರು ಹೇಳುವಾಗ ಆ ಸೋದರಮಾವನನ್ನೂ ನೆನೆಯಬೇಕೆಂದು ನಮಗನಿಸುತ್ತದೆ. ಮನೆಯಲ್ಲಿ ದೃಷ್ಟಿಯಿಲ್ಲದ ಮಗುವಿದ್ದು, ಅದರ ಕೈಗೆ ಯಾವ ವಿದ್ಯೆ ಕೊಡಬೇಕೆಂದು ತಿಳಿಯದೆ ಕುಳಿತ ಕುಟುಂಬಗಳು ಇಂದಿಗೂ ಇವೆ.

ಕಣ್ಣಿಲ್ಲದವರು ಸಂಗೀತ ಕಲಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಹಾರ್ಮೋನಿಯಂ ನೋಡಿದವರಿಗೆ ತಿಳಿದಿರುವಂತೆ ಅದರ ಕಪ್ಪು ಮನೆಗಳು ಬಿಳಿಯವುಗಳಿಗಿಂತ ಎತ್ತರವಾಗಿದ್ದು, ಎರಡರ ಗುಂಪು, ಮೂರರ ಗುಂಪು ಎಂದು ಸಾಲಾಗಿ ಬಂದಿರುತ್ತವೆ. ಬೆರಳಿಗೆ ಇಷ್ಟು ಗುರುತು ಸಾಕು. ಎರಡರ ಗುಂಪು ಸಿಕ್ಕಿತೆಂದರೆ ಅದರ ಎಡಬಲದ ಮನೆಗಳೆಲ್ಲ ತಾವಾಗಿಯೇ ಸಿಕ್ಕಂತೆ. ಗುರುಗಳು ಶಿಷ್ಯನ ಬೆರಳನ್ನು ಹಿಡಿದು ಷಡ್ಜದ ಮೇಲಿಡುತ್ತಾರೆ. ಉಳಿದುದು ಕಿವಿಯ ಕೆಲಸ. ತಬಲಾದಲ್ಲಂತೂ ಮೊದಲು ಬಾಯಿಪಾಠ. ಹದಿನಾರು ಮಾತ್ರೆಯ ತೀನತಾಲವನ್ನು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ ಬೋಲುಗಳನ್ನು ಹೇಳಿ ಹೇಳಿ ನಾಲಿಗೆಗೆ ಹತ್ತಿದ ಮೇಲೆ ಕೈಗೆ ಇಳಿಸುವುದು. ಕಂಠ ಕಲಿಯುವವನು ನಸುಕಿನಲ್ಲಿಯೇ ಎದ್ದು ತಂಬೂರಿಯ ಶ್ರುತಿಗೆ ಕೆಳಗಿನ ಷಡ್ಜವನ್ನು ಹಿಡಿದು ನಿಲ್ಲಿಸಬೇಕು. ಬರೆದುಕೊಳ್ಳುವ ಅನುಕೂಲವಿಲ್ಲದವನು ನೂರಾರು ಚೀಜುಗಳನ್ನು, ವಚನಗಳನ್ನು ನೆನಪಿನಲ್ಲಿಯೇ ಇಟ್ಟುಕೊಳ್ಳಬೇಕು. ಒಬ್ಬ ಗುರುವಿಗೆ ಒಬ್ಬ ಶಿಷ್ಯ ಎಂಬಂತೆ ನಡೆಯುವ ಈ ಕಲಿಕೆಗೆ ವರ್ಷಗಳು ಬೇಕು. ಅಷ್ಟು ವರ್ಷ ಆ ಮಗುವಿಗೆ ಊಟ, ಬಟ್ಟೆ, ಔಷಧ ಎಲ್ಲವೂ ಆಗಬೇಕು.

ಓದುಬರಹಕ್ಕೆ ಬ್ರೈಲ್ ಲಿಪಿಯುಂಟು. ಆರು ಚುಕ್ಕೆಗಳ ಈ ಲಿಪಿಯನ್ನು ಬರೆಯುವ ಕ್ರಮ ವಿಚಿತ್ರವಾದುದು. ದಪ್ಪ ಕಾಗದವನ್ನು ಪಟ್ಟಿಯಲ್ಲಿ ಸಿಕ್ಕಿಸಿ ಮೊಳೆಯಂತಹ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಹಾಳೆಯನ್ನು ಮಗುಚಿದಾಗ ಉಬ್ಬಿದ ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಓದಬೇಕು. (ಈ ಲಿಪಿಯನ್ನು ಕಂಡುಹಿಡಿದ ಫ್ರಾನ್ಸಿನ ಲೂಯಿ ಬ್ರೈಲ್ ಕೂಡ ಸಂಗೀತಗಾರನೇ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು.) ಪುಟ್ಟರಾಜ ಗವಾಯಿಗಳು ಈ ಲಿಪಿಯನ್ನು ಕರಗತ ಮಾಡಿಕೊಂಡು ಭಗವದ್ಗೀತೆಯನ್ನು ಅದರಲ್ಲಿ ಸಿದ್ಧಪಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಅವರು ರಚಿಸಿದ ಗ್ರಂಥಗಳು ಎಂಬತ್ತಕ್ಕೂ ಮಿಕ್ಕಿವೆ. ಬಸವಪುರಾಣವನ್ನು ಹಿಂದಿಯಲ್ಲಿ ರಚಿಸಿ ಕನ್ನಡವರಿಯದವರಿಗೂ ಶರಣರ ಕಥೆಯನ್ನು ತಲುಪಿಸಿದರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಹೀಗೆ ಅನೇಕ ವಾದ್ಯಗಳು ಅವರಿಗೆ ವಶವಾಗಿದ್ದವು. ಇಷ್ಟೆಲ್ಲ ಇದ್ದೂ ತ್ರಿಕಾಲ ಲಿಂಗಪೂಜೆಗೆ ಲೋಪ ಬಾರದಂತೆ ನಡೆದುಕೊಂಡವರು ಅವರು.

1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಆಗ ಪುಟ್ಟರಾಜರಿಗೆ ಮೂವತ್ತು ವರ್ಷ. ಕುಮಾರ ಮಹಾಸ್ವಾಮಿಗಳು 1930ರಲ್ಲಿಯೇ ಲಿಂಗೈಕ್ಯರಾಗಿದ್ದರು. ಬೆನ್ನ ಹಿಂದೆ ನಿಂತಿದ್ದ ಎರಡು ದೊಡ್ಡ ಆಸರೆಗಳೂ ಇಲ್ಲವಾದ ಆ ಹೊತ್ತಿನಲ್ಲಿ ಆಶ್ರಮದ ಮಕ್ಕಳೆಲ್ಲರ ಹೊಟ್ಟೆಬಟ್ಟೆಯ ಹೊಣೆ ಈ ತರುಣ ಗವಾಯಿಯ ಹೆಗಲಿಗೆ ಬಿದ್ದಿತು. ಯುದ್ಧದ ಕಾಲ ಬೇರೆ. ಧಾನ್ಯ ಸಿಗುವುದೇ ಕಷ್ಟ. ಅವರಿಗಿದ್ದ ಬಂಡವಾಳವೆಂದರೆ ಕಂಠ, ಹತ್ತು ಬೆರಳು, ಗುರುವಿನ ಹೆಸರು. ತಾವೊಬ್ಬರೇ ಹೊರಟು ಕಚೇರಿ ಮಾಡಿಕೊಂಡಿದ್ದರೆ ಸುಖವಾಗಿಯೇ ಇರಬಹುದಾಗಿತ್ತು. ಹಾಗೆ ಮಾಡಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ.

ಅವರು ಹಿಡಿದ ದಾರಿ ನಾಟಕದ್ದು. ಗುರುಗಳ ಹೆಸರಿನ ನಾಟಕ ಸಂಘವನ್ನು ನಡೆಸುತ್ತ, ಶರಣರ ಚರಿತ್ರೆಗಳನ್ನು ನಾಟಕಗಳಾಗಿ ಬರೆದು, ಅವುಗಳಿಗೆ ಸಂಗೀತ ಕೂಡಿಸಿದರು. ಕಂಪನಿ ನಾಟಕದ ಬದುಕು ಬಲ್ಲವರಿಗೆ ಅದು ಎಂತಹ ಜೂಜು ಎಂಬುದು ಗೊತ್ತು. ಜಾತ್ರೆಯ ಕಾಲದಲ್ಲಿ ತಗಡಿನ ಥಿಯೇಟರು ತುಂಬೀತು. ಮಳೆ ಹಿಡಿಯಿತೆಂದರೆ ಪರದೆ ನೆನೆದು, ಗಲ್ಲಾಪೆಟ್ಟಿಗೆ ಬರಿದಾಗಿ, ನಟರಿಗೆ ಸಂಬಳ ಕೊಡುವುದೂ ಕಷ್ಟ. ಬೇರೆ ಮಾಲೀಕರು ಲಾಭ ಬಂದಾಗ ಇನ್ನೊಂದು ಸೀನರಿ ಬರೆಸುತ್ತಿದ್ದರು. ಇಲ್ಲಿ ಬಂದ ಹಣ ಆಶ್ರಮದ ಅಡುಗೆಮನೆಗೆ ಹೋಗುತ್ತಿತ್ತು. ಟಿಕೇಟು ಕೊಂಡು ನಾಟಕ ನೋಡಿ ನಕ್ಕು ಅತ್ತು ಮನೆಗೆ ಹೋದ ಎಷ್ಟೋ ಮಂದಿಗೆ, ತಾವು ಕೊಟ್ಟ ಆಣೆಗಳು ಕಣ್ಣಿಲ್ಲದ ಮಗುವಿನ ತಾಟಿನಲ್ಲಿ ಅನ್ನವಾದವೆಂಬುದು ತಿಳಿದಿರಲಿಕ್ಕೂ ಇಲ್ಲ.

ನಾಟಕವೊಂದರಿಂದಲೇ ಅಷ್ಟು ಬಾಯಿಗಳಿಗೆ ಉಣಿಸಲು ಸಾಧ್ಯವಿರಲಿಲ್ಲ. ಉಳಿದುದನ್ನು ಭಕ್ತರು ತುಂಬಿದರು. ಗದಗ ಸೀಮೆಯ ಜನಕ್ಕೆ ಕೂಡಿ ಮಾಡುವ ಕೆಲಸ ಹೊಸದಲ್ಲ. ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಸಹಕಾರಿ ಸಂಘವನ್ನು ಕಟ್ಟಿ ನಾಡಿಗೆ ಮೇಲ್ಪಂಕ್ತಿ ಹಾಕಿದ್ದರು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಶ್ರಮಕ್ಕೆಂದು ಜೋಳ ಅಳೆದು ಇಡುವವರು, ತೊಗರಿ ಕಡಲೆ ತಂದು ಸುರಿಯುವವರು, ಮನೆಯಲ್ಲಿ ಮದುವೆ ಮುಂಜಿಗಳಾದರೆ ಮಕ್ಕಳಿಗೊಂದು ದಿನದ ಸಿಹಿಯೂಟ ಮಾಡಿಸುವವರು, ಹಿರಿಯರ ಪುಣ್ಯತಿಥಿಗೆ ಬಟ್ಟೆ ಹಂಚುವವರು, ಹೀಗೆ ಒಬ್ಬೊಬ್ಬರದು ಒಂದೊಂದು ಬಗೆ. ಹಣವಿಲ್ಲದವರು ದುಡಿಮೆಯನ್ನೇ ಕೊಟ್ಟರು. ರೊಟ್ಟಿ ಬಡಿಯಲು, ಕಾಳು ಹಸನು ಮಾಡಲು ಕೈ ಬೇಕಲ್ಲವೆ? ಓದಿ ಹೇಳುವವರು, ಹೇಳಿದ್ದನ್ನು ಬರೆದುಕೊಳ್ಳುವವರು, ರಸ್ತೆ ದಾಟಿಸುವವರು, ಜ್ವರ ಬಂದ ಮಗುವನ್ನು ದವಾಖಾನೆಗೆ ಕರೆದೊಯ್ಯುವವರು ಬೇಕಲ್ಲವೆ? ಇವರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇಲ್ಲ.

ತುಲಾಭಾರದ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅಜ್ಜಾರಿಗೆ ಊರೂರಲ್ಲಿ ಭಕ್ತರು ಮಾಡಿಸಿದ ತುಲಾಭಾರಗಳಿಗೆ ಲೆಕ್ಕ ಇಟ್ಟವರು ಬೆರಗಾಗುತ್ತಾರೆ. ತಕ್ಕಡಿಯ ಒಂದು ಪರಡಿಯಲ್ಲಿ ಅವರನ್ನು ಕುಳ್ಳಿರಿಸಿ, ಇನ್ನೊಂದರಲ್ಲಿ ನಾಣ್ಯ, ಬೆಲ್ಲ, ಅಕ್ಕಿ, ಗೋದಿ, ಭಕ್ತರ ಶಕ್ತ್ಯಾನುಸಾರ ಏನನ್ನಾದರೂ ಇಟ್ಟು ತೂಗುವುದು. ವಿರಕ್ತರಾದವರಿಗೆ ಇಂತಹ ಸಡಗರವೇಕೆ ಎಂದು ಆಕ್ಷೇಪಿಸಿದವರೂ ಉಂಟು. ಆಕ್ಷೇಪ ನಿರಾಧಾರವೆಂದು ನಾವು ಹೇಳುವುದಿಲ್ಲ. ಎಷ್ಟೋ ಕಡೆ ತುಲಾಭಾರ ಎಂಬುದು ಮೆರೆದಾಟವಾದದ್ದನ್ನು ನಾವೂ ಕಂಡಿದ್ದೇವೆ. ಆದರೆ ಇಲ್ಲಿ ತೂಗಿದ್ದೆಲ್ಲವೂ ನೇರವಾಗಿ ಆಶ್ರಮದ ಉಗ್ರಾಣವನ್ನು ಸೇರುತ್ತಿತ್ತು. ಇಳಿವಯಸ್ಸಿನಲ್ಲಿ, ಮೈಯಲ್ಲಿ ತ್ರಾಣವಿಲ್ಲದಾಗಲೂ ದೂರದ ಹಳ್ಳಿಗಳಿಗೆ ಪ್ರಯಾಣ ಮಾಡಿ ತಕ್ಕಡಿಯಲ್ಲಿ ಕುಳಿತುಕೊಳ್ಳುವುದು ಅವರಿಗೇನು ಸುಖದ ಸಂಗತಿಯಾಗಿರಲಿಲ್ಲ. ಮಕ್ಕಳ ಸಲುವಾಗಿ ಅವರು ಅದನ್ನು ಸಹಿಸಿದರೆಂದೇ ನಮ್ಮ ಅಭಿಪ್ರಾಯ.

ಆಶ್ರಮದ ಬಾಗಿಲಲ್ಲಿ ಜಾತಿ ಮತ ಕೇಳುವ ಪದ್ಧತಿ ಇರಲಿಲ್ಲ. ಕಣ್ಣಿಲ್ಲದ ಮಕ್ಕಳು ಬಂದರು, ಕಣ್ಣಿದ್ದೂ ದಿಕ್ಕಿಲ್ಲದ ಮಕ್ಕಳು ಬಂದರು. ಎಲ್ಲರಿಗೂ ಒಂದೇ ಪಂಕ್ತಿ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಹುಡುಗನೊಬ್ಬನನ್ನು 1968ರಲ್ಲಿ ಅವನ ಮಾವ, ರಂಗಕಲಾವಿದ ಬೆಳಗಲ್ಲು ವೀರಣ್ಣನವರು ಇಲ್ಲಿಗೆ ಕರೆತಂದು ಬಿಟ್ಟರು. ಹನ್ನೆರಡು ವರ್ಷ ಗುರುಸೇವೆ ಮಾಡಿಕೊಂಡು ಕಲಿತ ಆ ಹುಡುಗನೇ ಇಂದು ದೇಶವಿಡೀ ಬಲ್ಲ ಪಂಡಿತ ಎಂ. ವೆಂಕಟೇಶಕುಮಾರರು. 2016ರಲ್ಲಿ ಪದ್ಮಶ್ರೀ ಪಡೆದ ಅವರು ಯಾವ ವೇದಿಕೆಯ ಮೇಲಾದರೂ ಗುರುಗಳನ್ನೂ ಆಶ್ರಮದ ಅನ್ನವನ್ನೂ ನೆನೆಯದೆ ಇರುವುದಿಲ್ಲ. ಇಲ್ಲಿಯೂ ಮತ್ತೆ ಒಬ್ಬ ಸೋದರಮಾವನೇ ಬಂದದ್ದು ಆಕಸ್ಮಿಕವಾದರೂ ನಮಗೆ ಸಂತೋಷದ ಸಂಗತಿ.

ಆದರೆ ಎಲ್ಲರೂ ವೆಂಕಟೇಶಕುಮಾರರಾಗುವುದಿಲ್ಲ. ಆಗಬೇಕೆಂದು ಅಜ್ಜಾರೂ ಬಯಸಿರಲಿಲ್ಲ. ಅಲ್ಲಿ ಕಲಿತವರಲ್ಲಿ ಹೆಚ್ಚಿನವರು ಶಾಲೆಗಳಲ್ಲಿ ಸಂಗೀತದ ಮಾಸ್ತರರಾದರು, ನಾಟಕ ಕಂಪನಿಗಳಲ್ಲಿ ಪೆಟ್ಟಿಗೆ ಬಾರಿಸಿದರು, ತಮ್ಮೂರಿನಲ್ಲಿ ಹತ್ತು ಮಕ್ಕಳಿಗೆ ಪಾಠ ಹೇಳಿಕೊಂಡು ಸಂಸಾರ ಹೂಡಿದರು, ಶ್ರಾವಣದಲ್ಲಿ ಪುರಾಣಕ್ಕೆ ಹೋದರು. ಬೇಡುವ ಸ್ಥಿತಿ ಬರಬಹುದಾಗಿದ್ದವರು ದುಡಿದು ಉಣ್ಣುವವರಾದರು. ಶರಣರು ಕಾಯಕವೆಂದುದು ಇದನ್ನೇ ಅಲ್ಲದೆ ಮತ್ತೇನನ್ನು? ಪ್ರಶಸ್ತಿಗಳ ಪಟ್ಟಿಗಿಂತ ಈ ಹೆಸರಿಲ್ಲದ ಗವಾಯಿಗಳ ಸಂಸಾರಗಳೇ ಅಜ್ಜಾರ ದೊಡ್ಡ ಗಳಿಕೆಯೆಂದು ನಾವು ತಿಳಿದಿದ್ದೇವೆ.

ಪ್ರಶಸ್ತಿಗಳೂ ಬಂದವು. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಗೌರವ, ಕೊನೆಗೆ 2010ರಲ್ಲಿ ಪದ್ಮಭೂಷಣ. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೊಂಬತ್ತಾರರ ಇಳಿವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಗದುಗಿಗೆ ಹರಿದುಬಂದ ಜನವನ್ನು ಕಂಡವರು ಮರೆಯಲಾರರು. ಗುರುವಿನ ಸನ್ನಿಧಿಯಲ್ಲಿಯೇ, ಆಶ್ರಮದ ಆವರಣದಲ್ಲಿ ಅವರ ಗದ್ದುಗೆಯಾಯಿತು. ಅಲ್ಲಿಂದೀಚೆಗೆ ಕಲ್ಲಯ್ಯಜ್ಜನವರು ಆಶ್ರಮದ ಹೊಣೆ ಹೊತ್ತಿದ್ದಾರೆ. ಗುರುಗಳ ಪುಣ್ಯಸ್ಮರಣೆಯ ದಿನಗಳಲ್ಲಿ ಶಿಷ್ಯರು, ಶಿಷ್ಯರ ಶಿಷ್ಯರು ಬಂದು ಗದ್ದುಗೆಯ ಮುಂದೆ ಹಾಡಿ ಹೋಗುತ್ತಾರೆ.

ಇಷ್ಟು ಬರೆದ ಮೇಲೆ ಮನಸ್ಸಿನಲ್ಲಿ ಉಳಿದ ಒಂದು ಬೇಸರವನ್ನೂ ಹೇಳಿಬಿಡುತ್ತೇವೆ. ಕೆಲವು ಊರುಗಳ ಪುರಾಣ ಕಮಿಟಿಯವರು ಪ್ರವಚನಕಾರರಿಗೆ ಶಾಲು ಹಾರಗಳನ್ನು ಮನಸಾರೆ ಸಲ್ಲಿಸಿ, ಗವಾಯಿಗಳ ಸಂಭಾವನೆಯ ಮಾತು ಬಂದಾಗ “ನಾಳೆ ನೋಡೋಣರಿ” ಎನ್ನುವುದನ್ನು ನಾವು ಒಂದೆರಡು ಕಡೆ ಕಣ್ಣಾರೆ ಕಂಡಿದ್ದೇವೆ. ಊರ ಹೆಸರು ಬೇಡ. ಕಣ್ಣಿಲ್ಲದ ಕಲಾವಿದನು ತಿಂಗಳಿಡೀ ದುಡಿದ ಹಣಕ್ಕಾಗಿ ಮನೆಮನೆ ತಡಕುತ್ತ ಹೋಗುವುದು ನಮಗೆ ಶೋಭೆಯಲ್ಲ. ವರ್ಷದ ಉಳಿದ ತಿಂಗಳುಗಳಲ್ಲಿ ಅವನ ಕೈಗೆ ಬರುವುದು ಅಷ್ಟಕ್ಕಷ್ಟೇ. ಶ್ರಾವಣದ ಗಳಿಕೆಯ ಮೇಲೆಯೇ ಮಕ್ಕಳ ಶಾಲೆಯ ಖರ್ಚು ನಿಂತಿರುತ್ತದೆ.

ಈ ಬಾರಿ ಶ್ರಾವಣದಲ್ಲಿ ನಿಮ್ಮೂರಿಗೆ ಗವಾಯಿಗಳು ಬಂದಾಗ ಅವರ ಊಟ ವಸತಿಯ ಏರ್ಪಾಡು ಯಾರ ಮನೆಯಲ್ಲೆಂದು ಮೊದಲೇ ಗೊತ್ತುಮಾಡಿರಿ. ಸಂಜೆ ಗುಡಿಗೆ ಕರೆತರಲು ಓಣಿಯ ಹುಡುಗರಲ್ಲಿ ಪಾಳಿ ಹಾಕಿರಿ. ಬಿಡುವಿನಲ್ಲಿ ಹಾರ್ಮೋನಿಯಂ ಮುಟ್ಟಿ ನೋಡುವ ಆಸೆಯಿದ್ದ ಮಗು ಅವರಲ್ಲಿ ಒಂದಾದರೂ ಇದ್ದೀತು. ಮಂಗಲದ ರಾತ್ರಿಯೇ ಸಂಭಾವನೆಯನ್ನು ಎಣಿಸಿ ಕೈಗೆ ಕೊಟ್ಟು, ಮರುದಿನ ನಸುಕಿನ ಬಸ್ಸಿಗೆ ಅವರನ್ನು ಹತ್ತಿಸಿ, ಪೆಟ್ಟಿಗೆಯನ್ನು ಅವರ ಕಾಲ ಬಳಿ ಇರಿಸಿ, ಇಳಿಯುವ ಊರು ಯಾವುದೆಂದು ಕಂಡಕ್ಟರರಿಗೆ ಹೇಳಿ ಬರಲು ಒಬ್ಬರನ್ನು ಕಳುಹಿಸಿರಿ.